ಹೆದ್ದಾರಿಯ ಹೊಗೆ ಅಳೆಯಲು ಒಂದು ಸೆನ್ಸರ್ ಸಾಲದು

ಕಾರವಾರದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ನನ್ನ ಟಿವಿ ರಿಪೇರಿ ಅಂಗಡಿ. ಗಾಳಿಯ ಕಣ ಅಳೆಯುವ ಸೆನ್ಸರ್ ಹಿಡಿದುಕೊಂಡು ಕಾಲೇಜು ಹುಡುಗರು ಆಗಾಗ ಬರುತ್ತಾರೆ. "ಅಣ್ಣಾ, ಇಷ್ಟು ತೋರಿಸ್ತಾ ಇದೆ, ಇದೆಲ್ಲಾ ಲಾರಿ ಹೊಗೇನಾ?" ಅಂತ ಕೇಳುತ್ತಾರೆ. ಒಂದೇ ಅಂಕಿ ನೋಡಿ ಅದನ್ನು ಹೇಳಲು ಬರುವುದಿಲ್ಲ. ಅದರಲ್ಲಿ ಲಾರಿಯೂ ಇದೆ, ಕಡಲ ಉಪ್ಪೂ ಇದೆ, ಹಿಂದಿನ ಮನೆಯ ಬಚ್ಚಲೊಲೆಯ ಹೊಗೆಯೂ ಇದೆ. ರಸ್ತೆಯ ಪಾಲು ಬೇಕಾದರೆ ರಸ್ತೆಯ ಎರಡೂ ಬದಿಯಲ್ಲಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯಬೇಕು.

ಈ ಲೆಕ್ಕಕ್ಕೆ ನಮ್ಮೂರಿನಷ್ಟು ಒಳ್ಳೆ ಜಾಗ ಸಿಗುವುದು ಕಷ್ಟ. ಪಡುವಣಕ್ಕೆ ಟ್ಯಾಗೋರ್ ಕಡಲತೀರ, ಮೂಡಣಕ್ಕೆ ಪೇಟೆ, ನಡುವೆ ಹೆದ್ದಾರಿ. ಬಿಸಿಲೇರಿದ ಮೇಲೆ ಗಾಳಿ ಕಡಲಿನಿಂದ ಪೇಟೆ ಕಡೆ ಬೀಸುತ್ತದೆ. ರಾತ್ರಿ ಗುಡ್ಡದ ಕಡೆಯಿಂದ ಕಡಲಿಗೆ ತಿರುಗುತ್ತದೆ.

ಸೆನ್ಸರ್ ಎರಡು ಬೇಕು, ಎರಡೂ ಒಂದೇ ಮಾಡೆಲ್. ನಾನು ಬಳಸುವುದು ಪ್ಲಾಂಟವರ್ ಪಿಎಂಎಸ್5003. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಕ್ಕೆ ತಾಗಿ ಚದುರುತ್ತದೆ, ಚದುರಿದ ಬೆಳಕು ನೋಡಿ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ ಅದು ಅಂದಾಜು ಮಾಡುತ್ತದೆ. ತೂಗುವುದಿಲ್ಲ, ನೆನಪಿರಲಿ. ಇದಕ್ಕೆ 5 ವೋಲ್ಟ್ ಕೊಡಬೇಕು. ಡೇಟಾ ಪಿನ್ ಮಾತ್ರ 3.3 ವೋಲ್ಟಿನದ್ದು, ಹಾಗಾಗಿ ಅಂಕಿ ಓದಿ ಬರೆದಿಡುವ ಪುಟ್ಟ ಇಎಸ್‌ಪಿ8266 ಬೋರ್ಡಿಗೆ ನೇರ ಸೇರಿಸಬಹುದು, ಡೇಟಾ ಕಳಿಸುವ ವೇಗ (ಬಾಡ್ ರೇಟ್) 9600. ಜೊತೆಗೆ ತೇವಾಂಶ ಅಳೆಯಲು ಒಂದು ಬಿಎಂಇ280 ಇರಲಿ, ಅದಿಲ್ಲದೆ ಕರಾವಳಿಯಲ್ಲಿ ಕೆಲಸವೇ ಇಲ್ಲ. ಕರೆಂಟ್ ಇಲ್ಲದ ಕಡೆ 10,000 ಎಂಎಎಚ್ ಪವರ್ ಬ್ಯಾಂಕ್ ಹಾಕಿದರೆ ಒಂದು ಹಗಲು, ಒಂದು ರಾತ್ರಿ ನಡೆಯುತ್ತದೆ.

ಪಿಎಂ 2.5 ಅಂಕಿಯನ್ನು ಮಾತ್ರ ಬರೆದುಕೊಳ್ಳಿ, ಅಂದರೆ 2.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮತ್ತು ಅದಕ್ಕಿಂತ ಸಣ್ಣ ಕಣಗಳದ್ದು. ಇದೇ ಸೆನ್ಸರ್ 10 ಮೈಕ್ರಾನ್‌ವರೆಗಿನ ಕಣಗಳಿಗೆ ಪಿಎಂ 10 ಅಂತಲೂ ಒಂದು ಅಂಕಿ ಕೊಡುತ್ತದೆ, ನಾನು ಅದನ್ನು ನೋಡುವುದೇ ಇಲ್ಲ. ದಪ್ಪ ಧೂಳು ಅಳೆಯುವುದರಲ್ಲಿ ಇದು ತೀರಾ ದಡ್ಡ.

ಇನ್ನು ಎಲ್ಲರೂ ಹಾರಿಸಿಬಿಡುವ ಕೆಲಸ. ಎರಡನ್ನೂ ತಕ್ಷಣ ಕಂಬಕ್ಕೆ ಕಟ್ಟಬೇಡಿ. ಮೊದಲು ಒಂದು ವಾರ ಅಕ್ಕಪಕ್ಕ, ಒಂದೇ ಕಡೆ ಇಟ್ಟು ಓಡಿಸಿ. ಕಂಪನಿಯ ಹಾಳೆಯಲ್ಲೇ ಬರೆದಿದೆ, 100 ಮೈಕ್ರೋಗ್ರಾಂವರೆಗೆ 10ರಷ್ಟು ಹೆಚ್ಚುಕಮ್ಮಿ ಇರಬಹುದು ಅಂತ. ರಸ್ತೆ ಬದಿಯಲ್ಲಿ ವಾಹನಗಳಿಂದ ಸೇರುವ ಪಿಎಂ 2.5 ಎಷ್ಟೋ ಸಲ ಅದಕ್ಕಿಂತ ಕಮ್ಮಿಯೇ ಇರುತ್ತದೆ. ಸೆನ್ಸರಿನ ಹೆಚ್ಚುಕಮ್ಮಿಯನ್ನೇ ಲಾರಿಯ ಹೊಗೆ ಅಂದುಕೊಂಡರೆ ಲೆಕ್ಕ ಅಲ್ಲಿಗೇ ಮುಗೀತು. ವಾರದ ಗಂಟೆವಾರು ಸರಾಸರಿ ತೆಗೆದು, ಒಂದು ಇನ್ನೊಂದಕ್ಕಿಂತ ಎಷ್ಟು ಜಾಸ್ತಿ ತೋರಿಸುತ್ತದೆ ಅಂತ ಡಬ್ಬಿಯ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಆಮೇಲೆ ಅಳತೆ ಅರ್ಧ ಮುಗಿದಾಗ ಎರಡನ್ನೂ ಅದಲುಬದಲು ಮಾಡಿ. ಸೆನ್ಸರಿನ ದೋಷವಾದರೆ ಸೆನ್ಸರ್ ಜೊತೆಗೇ ಆ ಬದಿಗೆ ಹೋಗುತ್ತದೆ. ರಸ್ತೆಯ ಹೊಗೆಯಾದರೆ ಇದ್ದ ಕಡೆಯೇ ಇರುತ್ತದೆ.

ಜಾಗ ಆರಿಸುವಾಗ ರಸ್ತೆ ನೆಲಮಟ್ಟದಲ್ಲೇ ಇರುವ ಕಡೆ ನೋಡಿ. ಫ್ಲೈಓವರ್ ಪಕ್ಕದಲ್ಲಿ ಹೊಗೆ ತಲೆಯ ಮೇಲೆಯೇ ಹಾದುಹೋಗಿಬಿಡುತ್ತದೆ. ಪೇಟೆ ಬದಿಯದ್ದು ರಸ್ತೆಯಿಂದ ಹತ್ತು ಹದಿನೈದು ಮೀಟರ್ ಒಳಗಿರಲಿ, ನೂರಿನ್ನೂರು ಮೀಟರ್ ದೂರ ಹೋದರೆ ರಸ್ತೆಯ ಪಾಲು ಕರಗಿ ಹೋಗುತ್ತದೆ. ಕಡಲ ಬದಿಯದ್ದು ತೆರೆ ಸಿಡಿಯುವಲ್ಲಿ ಬೇಡ, ರಸ್ತೆಯ ಹತ್ತಿರವೇ ಸಾಕು. ಎತ್ತರ ಎರಡರಿಂದ ಮೂರು ಮೀಟರ್, ಎರಡಕ್ಕೂ ಒಂದೇ. ಮೀನು ಹುರಿಯುವ ಗಾಡಿ, ಹೋಟೆಲ್ ಚಿಮಣಿ, ಒಣ ಎಲೆ ಸುಡುವ ಹಿತ್ತಲು, ಇವುಗಳಿಂದ ದೂರ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವ ಹೊತ್ತಿನ ಅಂಕಿಯನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಡಬ್ಬಿ ಅಂದರೆ ಪಿವಿಸಿ ಪೈಪಿನ ತುಂಡು, ಬಾಯಿ ಕೆಳಗೆ. ಜೇಡ ಗೂಡು ಕಟ್ಟದಂತೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ. ನಮ್ಮ ಉಪ್ಪು ಗಾಳಿಗೆ ಟಿವಿ ಬೋರ್ಡಿನ ಬೆಸುಗೆಯೇ ಹಸಿರು ಹಿಡಿಯುತ್ತದೆ, ಆದ್ದರಿಂದ ಇಎಸ್‌ಪಿ ಬೋರ್ಡಿನ ಬೆಸುಗೆಗಳಿಗೆ ವಾರ್ನಿಷ್ ಸವರಿ. ಕಣದ ಸೆನ್ಸರಿಗೆ ಮಾತ್ರ ಏನೂ ಸವರಬೇಡಿ.

ಉಪ್ಪಿನದ್ದು ಇನ್ನೂ ಒಂದು ತರಲೆ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದಲ್ವಾ, ಗಾಳಿಯಲ್ಲಿರುವ ಉಪ್ಪಿನ ಕಣವೂ ಹಾಗೇ. ತೇವಾಂಶ ಶೇಕಡಾ 75 ದಾಟಿದರೆ ಅದು ನೀರು ಕುಡಿದು ಊದಿಕೊಳ್ಳುತ್ತದೆ. ಲೇಸರಿಗೆ ಅದು ದೊಡ್ಡ ಕಣ, ಅಂಕಿ ಸುಮ್ನೆ ಏರುತ್ತದೆ. ಪ್ರಯೋಗಾಲಯದವರು ಕಣ ಹಿಡಿದ ಫಿಲ್ಟರನ್ನು ಒಣ ಕೋಣೆಯಲ್ಲಿಟ್ಟು ಹದ ಮಾಡಿದ ಮೇಲೆಯೇ ತೂಗುತ್ತಾರೆ. ನಮಗೆ ಆ ಸೌಕರ್ಯ ಇಲ್ಲ. ಹಾಗಾಗಿ 75 ದಾಟಿದ ಗಂಟೆಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಮಧ್ಯಾಹ್ನಗಳೇ ಒಳ್ಳೆಯವು.

ಕಂಬದ ತುದಿಗೆ ಪ್ಲಾಸ್ಟಿಕ್ ರಿಬ್ಬನ್ ಕಟ್ಟಿ, ಗಾಳಿ ಯಾವ ಕಡೆಯಿಂದ ಅಂತ ಗಂಟೆಗೊಮ್ಮೆ ಬರೆಯಿರಿ. ಆ ಗಂಟೆಯಲ್ಲಿ ಹತ್ತು ನಿಮಿಷ ನಿಂತು ಲಾರಿ, ಬಸ್ಸು, ಕಾರು, ಬೈಕ್ ಬೇರೆ ಬೇರೆ ಎಣಿಸಿ. ಸೆನ್ಸರ್ ನಿಮಿಷಕ್ಕೊಮ್ಮೆ ಬರೆಯಲಿ, ನೀವು ಗಂಟೆಯ ಸರಾಸರಿ ತೆಗೆಯಿರಿ. ಡಬ್ಬಿಯ ಮೇಲೆ ಬರೆದ ಹೆಚ್ಚುಕಮ್ಮಿಯನ್ನು ಮೊದಲು ಸರಿಮಾಡಿಕೊಂಡು, ಪಡುಗಾಳಿ ಇದ್ದಾಗ ಪೇಟೆ ಬದಿಯ ಅಂಕಿಯಲ್ಲಿ ಕಡಲ ಬದಿಯದ್ದನ್ನು ಕಳೆದರೆ ಉಳಿಯುವುದೇ ರಸ್ತೆಯ ಪಾಲು. ಈಗ ರಾತ್ರಿಯ ಪಟ್ಟಿಯಲ್ಲಿ ತೇವಾಂಶ 75 ದಾಟದೆ ಉಳಿದ ಗಂಟೆಗಳನ್ನು ನೋಡಿ. ಗಾಳಿ ತಿರುಗಿದ ಮೇಲೆ ಕಡಲ ಬದಿಯದ್ದು ಜಾಸ್ತಿ ಆಗಲೇಬೇಕು. ಆಗಲಿಲ್ಲವೋ, ನೀವು ಅಳೆದದ್ದು ಹೆದ್ದಾರಿಯನ್ನಲ್ಲ, ಹತ್ತಿರದ ಯಾವುದೋ ಒಲೆಯನ್ನು.

ಉಳಿದ ಅಂಕಿ ಸಣ್ಣದಿದ್ದರೆ ರಸ್ತೆ ಸ್ವಚ್ಛ ಅಂತ ತೀರ್ಮಾನಿಸಬೇಡಿ. ಈ ಸೆನ್ಸರಿಗೆ 0.3 ಮೈಕ್ರಾನಿಗಿಂತ ಸಣ್ಣದು ಕಾಣುವುದಿಲ್ಲ. ಡೀಸೆಲ್ ಎಂಜಿನ್ನಿನ ಹೊಸ ಮಸಿ ಬಹುಪಾಲು ಅದಕ್ಕಿಂತ ಸಣ್ಣದು. ಮಸಿಗೆ ನಾನು ಬೇರೆ ಉಪಾಯ ಮಾಡುತ್ತೇನೆ. 12 ವೋಲ್ಟಿನ ಒಂದೇ ಥರದ ಎರಡು ಹೀರುವ ಪಂಪ್, ಬಾಯಿಗೆ ಬಿಳಿ ಫಿಲ್ಟರ್ ಪೇಪರ್, ಎರಡೂ ಬದಿಯಲ್ಲಿ ಅಷ್ಟೇ ಹೊತ್ತು. ಕೊನೆಗೆ ಆ ಎರಡು ಫಿಲ್ಟರ್ ಪೇಪರುಗಳನ್ನು ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಅಂಟಿಸಿ ಬಿಸಿಲಲ್ಲಿ ನೋಡಿ. ಯಾವುದು ಕಪ್ಪು ಅಂತ ಹೇಳಲು ಸಾಫ್ಟ್‌ವೇರ್ ಬೇಡ.

ಸರ್ಕಾರದ ಮಿತಿಯ ಜೊತೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಭಾರತದ 2009ರ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ, ವರ್ಷದ್ದು 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಲಾರಿ ಗೇರ್ ಬದಲಿಸಿದಾಗ ಒಂದು ನಿಮಿಷ ಏರಿದ ಅಂಕಿಯನ್ನು ಇದರ ಪಕ್ಕ ಇಟ್ಟು ವಾಟ್ಸಾಪಿಗೆ ಹಾಕಬೇಡಿ. ಹೋಲಿಸುವುದಾದರೆ ಇಡೀ 24 ಗಂಟೆಯ ಸರಾಸರಿ, ಅದೂ ಅಂದಾಜು ಅಂತ ಬರೆದು.

ಜೂನ್ ಬಂದ ಕೂಡಲೇ ಎರಡನ್ನೂ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ. ಮಳೆ ಹೋದ ಮೇಲೆ ಹೊರಗೆ ತೆಗೆದಾಗ ಅಕ್ಕಪಕ್ಕ ಇಟ್ಟು ಇನ್ನೊಂದು ವಾರ ಓಡಿಸಬೇಕು. ಮಾರ್ಕರಿನಲ್ಲಿ ಬರೆದ ಹಳೆಯ ಅಂಕಿ ಆಗ ನಡೆಯುವುದಿಲ್ಲ.