ವಯಸ್ಸಾದವರ ಕಾಲಿಗೆ ಒಗ್ಗುವ ದೇವಸ್ಥಾನ: ಜೀರ್ಣೋದ್ಧಾರ ಸಮಿತಿಯವರಿಗೆ ಅಳತೆ ಸಮೇತ

ನಮ್ಮ ಕಡೆ ಜೀರ್ಣೋದ್ಧಾರ ಅಂದರೆ ಮೊದಲು ಗೋಪುರ, ಆಮೇಲೆ ಮುಖ ಕಾಣುವಂತೆ ಹೊಳೆಯುವ ಗ್ರಾನೈಟ್ ನೆಲ, ದುಡ್ಡು ಉಳಿದರೆ ಒಂದಷ್ಟು ಸ್ಟೀಲ್ ಕಂಬಿ. ವಾರದ ದಿನದ ಬೆಳಗಿನ ಪೂಜೆಗೆ ಯಾರು ಬರುತ್ತಾರೆ ಎಂದು ಒಮ್ಮೆ ನೋಡಿದರೆ ಈ ಕ್ರಮ ತಲೆಕೆಳಗಾಗಬೇಕು ಅನ್ನಿಸುತ್ತದೆ. ಪಾವಗಡ, ಬಾಗೇಪಲ್ಲಿ ಸೀಮೆಯಲ್ಲಂತೂ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಂಡಿ, ಸೊಂಟ, ಕುತ್ತಿಗೆ ಬಿಗಿದುಕೊಂಡ ಹಿರಿಯರಿದ್ದಾರೆ. ಅವರಿಗೆ ಕಾಲೆತ್ತುವುದೂ ಕಷ್ಟ, ತಲೆಯೆತ್ತಿ ನೋಡುವುದೂ ಕಷ್ಟ. ಮೇಸ್ತ್ರಿಗೆ ನೇರವಾಗಿ ಹೇಳಲು ಅನುಕೂಲವಾಗಲೆಂದು ಅಳತೆಗಳನ್ನು ಅಡಿ, ಇಂಚಿನಲ್ಲೇ ಕೊಟ್ಟಿದೆ.

ನೆಲದಿಂದ ಶುರು ಮಾಡಿ

ಕಲ್ಲಿಗೆ ಆರ್ಡರ್ ಕೊಡುವ ದಿನವೇ ಅರ್ಧ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಒಣಗಿದ್ದಾಗ ಪರವಾಗಿಲ್ಲ. ಅದರ ಮೇಲೆ ನೀರು ಬಿದ್ದರೆ ಜಾರುತ್ತದೆ, ಎಣ್ಣೆಯೂ ಸೇರಿದರೆ ಹುಡುಗರೇ ನಿಲ್ಲಲಾರರು. ಪ್ರಾಕಾರ, ಮೆಟ್ಟಿಲು, ಕಾಲು ತೊಳೆಯುವ ಜಾಗಕ್ಕೆ ಫ್ಲೇಮ್ ಫಿನಿಶ್ (ಬೆಂಕಿ ಹಾಯಿಸಿ ಒರಟು ಮಾಡಿದ) ಅಥವಾ ಉಳಿ ಪೆಟ್ಟಿನ ಕಲ್ಲು ಹಾಕಿಸಿ. ಗರ್ಭಗುಡಿ ಮುಂದಿನ ಮಂಟಪವಾದ ನವರಂಗದೊಳಗೆ ಲೆದರ್ ಫಿನಿಶ್ (ಹೊಳಪಿಲ್ಲದ, ಚರ್ಮದಂತೆ ತುಸು ತರಿಯಾದ ಮೇಲ್ಮೈ) ಸಾಕು. ಅಲ್ಲಿ ತೀರಾ ಒರಟು ಕಲ್ಲು ಹಾಕಿದರೆ ಕುಂಕುಮ, ಎಣ್ಣೆ ಜಿಡ್ಡು ಸಂದಿಗಳಲ್ಲಿ ಕೂತು ತೊಳೆಯುವವರಿಗೆ ಶಿಕ್ಷೆ. ಪಾಲಿಶ್ ಕಲ್ಲು ಈಗಾಗಲೇ ಹಾಕಿದ್ದರೆ ಕಿತ್ತು ಹಾಕಬೇಕಿಲ್ಲ, ನಡೆಯುವ ದಾರಿಯಲ್ಲಿ 4 ಅಡಿ ಅಗಲಕ್ಕೆ ಉಳಿ ಹೊಡೆಸಿದರೆ ಆಯಿತು. ಅದರ ಮೇಲೆ ಕಾರ್ಪೆಟ್ ಹಾಸುವುದು ಮಾತ್ರ ಬೇಡ. ಅಂಚು ಮಡಚಿಕೊಂಡು ಕಾಲಿಗೆ ತೊಡರುತ್ತದೆ.

ನೀರು ನಿಲ್ಲುವ, ಎಣ್ಣೆ ಚೆಲ್ಲುವ ಜಾಗಗಳು ಎಲ್ಲ ದೇವಸ್ಥಾನದಲ್ಲೂ ಅವೇ: ತೀರ್ಥ ಕೊಡುವ ಜಾಗ, ಅಭಿಷೇಕದ ನೀರು ಬರುವ ಗೋಮುಖ, ಈಡುಗಾಯಿ ಕಲ್ಲು, ದೀಪ ಹಚ್ಚುವ ಕಟ್ಟೆ. ಇವನ್ನು ಪ್ರದಕ್ಷಿಣೆಯ ದಾರಿಯಿಂದ ಕನಿಷ್ಠ 3 ಅಡಿ ಆಚೆಗೆ ಸರಿಸಿ. ಗೋಮುಖದಂತೆ ಸರಿಸಲು ಆಗದಿದ್ದರೆ ಸುತ್ತಲೂ ನೆಲಕ್ಕೆ 8 ಅಡಿಗೆ 1 ಇಂಚಿನಷ್ಟು ಇಳಿಜಾರು ಕೊಟ್ಟು ನೀರನ್ನು ಚರಂಡಿಗೆ ಬಿಡಿ. ಕಾರ್ತೀಕ ಮಾಸದಲ್ಲಿ ಹಣತೆಗಳನ್ನು ಮೆಟ್ಟಿಲ ಮೇಲೆ ಇಡಿಸಬೇಡಿ. ಮರಳು ತುಂಬಿದ ತಗಡಿನ ತಟ್ಟೆಗಳನ್ನು ಪಕ್ಕದಲ್ಲಿಡಿ. ಚೆಲ್ಲಿದ ಎಣ್ಣೆಗೆ ಸೀಗೆಪುಡಿ ಉದುರಿಸಿ, ಬಿಸಿನೀರು ಹಾಕಿ ಉಜ್ಜಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಇನ್ನಷ್ಟು ಅಗಲಕ್ಕೆ ಹರಡುತ್ತದೆ.

ಮಾರ್ಚ್‌ನಿಂದ ಮೇವರೆಗೆ ಇನ್ನೊಂದು ತೊಂದರೆ, ಕಾದ ಕಲ್ಲು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಡುವುದು ಗೊತ್ತಾಗುವುದೇ ಇಲ್ಲ, ಮನೆಗೆ ಹೋದ ಮೇಲೆ ಬೊಬ್ಬೆ ಕಾಣುತ್ತದೆ. ಪ್ರದಕ್ಷಿಣೆಯ ದಾರಿಗೆ ನೆರಳಿನ ಬಲೆ ಕಟ್ಟಿಸಿ. ಬಿಳಿ ಬಣ್ಣ ಹೊಡೆಸುವುದಾದರೆ ಅದಕ್ಕೆ ಜರಡಿ ಹಿಡಿದ ಮರಳು ಬೆರೆಸಿ, ಬರೀ ಬಣ್ಣ ಮಳೆಗಾಲದಲ್ಲಿ ಜಾರುತ್ತದೆ.

ಮೆಟ್ಟಿಲು, ಇಳಿಜಾರು, ಕೈಹಿಡಿ

ಮೆಟ್ಟಿಲಿನ ಎತ್ತರ 6 ಇಂಚು, ಕಾಲಿಡುವ ಅಗಲ 12 ಇಂಚು. ಹಳೆಯ ಗುಡಿಗಳಲ್ಲಿ 9 ಇಂಚಿನ ಮೆಟ್ಟಿಲುಗಳು ಸಾಮಾನ್ಯ. ಅಂಥ ಎರಡು ಮೆಟ್ಟಿಲ ಎತ್ತರ 18 ಇಂಚು, ಅದನ್ನು ಮೂರು ಮಾಡಿದರೆ ಸರಿಯಾಗಿ ಆರಾರು ಇಂಚು ಬರುತ್ತದೆ. ಮುಂದಕ್ಕೆ 1 ಅಡಿ ಜಾಗ ಹೆಚ್ಚು ಬೇಕು, ಅಷ್ಟೇ.

ಎತ್ತರ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇದೆಯೇ ಅನ್ನುವುದು ಮುಖ್ಯ. ಎರಡು ಮೆಟ್ಟಿಲು ಹತ್ತಿದ ಕಾಲು ಮೂರನೆಯದೂ ಅಷ್ಟೇ ಇದೆ ಎಂದುಕೊಂಡು ಏಳುತ್ತದೆ. ಇಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ ಥರ: ಕಾಂಕ್ರೀಟ್ ಮೆಟ್ಟಿಲು ಮೊದಲು ಆಗಿರುತ್ತದೆ, ಆಮೇಲೆ ಮೇಲಿನ ಜಗತಿಗೆ (ಗುಡಿ ನಿಂತ ಎತ್ತರದ ಕಟ್ಟೆಗೆ) ಗಾರೆ, ಕಲ್ಲು ಸೇರಿ ಎರಡೂವರೆ ಇಂಚು ಏರುತ್ತದೆ. ಕೊನೆಯ ಮೆಟ್ಟಿಲು ಎಂಟೂವರೆ ಇಂಚಾಗಿ ಕೂರುತ್ತದೆ. ಕೆಳಗಿನ ಅಂಗಳಕ್ಕೆ ಕಲ್ಲು ಹಾಕಿದರೆ ಮೊದಲ ಮೆಟ್ಟಿಲು ಮೂರೂವರೆಗೆ ಇಳಿಯುತ್ತದೆ. ಆದ್ದರಿಂದ ಮುಗಿದ ನೆಲದ ಮಟ್ಟವನ್ನು ಗೋಡೆಗೆ ಗುರುತು ಹಾಕಿಕೊಂಡು ಅಲ್ಲಿಂದಲೇ ಲೆಕ್ಕ ಹಿಡಿಯಿರಿ. ಪ್ರತಿ ಮೆಟ್ಟಿಲ ಅಂಚಿಗೆ 2 ಇಂಚಿನ ಹಳದಿ ಪಟ್ಟೆ ಇರಲಿ.

ರ‍್ಯಾಂಪ್ ವಿಷಯಕ್ಕೆ ಬಂದರೆ, 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದರಲ್ಲಿ ಚೌಕಾಸಿ ಇಲ್ಲ. ಜಗತಿ 2 ಅಡಿ ಇದ್ದರೆ 24 ಅಡಿ. 3 ಅಡಿ ಇದ್ದರೆ 18 ಅಡಿಯ ಎರಡು ತುಂಡು, ನಡುವೆ 5 ಅಡಿಯ ಸಮತಟ್ಟು. ಜಾಗ ಸಾಲದಿದ್ದರೆ ಜಗತಿಯ ಗೋಡೆಗುಂಟ ಮಡಚಿ. ಆರಡಿಯಲ್ಲಿ ಎರಡಡಿ ಏರಿಸಿದ್ದು ಬೈಕ್ ಹತ್ತಿಸಲು ಆದೀತು, ವಾಕರ್ ಹಿಡಿದವರಿಗಲ್ಲ. ಇಳಿಯುವಾಗ ವಾಕರ್ ಅವರನ್ನು ಎಳೆದುಕೊಂಡು ಓಡುತ್ತದೆ. ಅಗಲ 4 ಅಡಿ, ಎರಡೂ ಬದಿ 3 ಇಂಚಿನ ದಿಂಡು, ಮೇಲೆ ಪೊರಕೆಯಿಂದ ಎಳೆದ ಅಡ್ಡ ಗೆರೆ. ರ‍್ಯಾಂಪ್ ಆಯಿತೆಂದು ಮೆಟ್ಟಿಲು ತೆಗೆಸಬೇಡಿ. ಮಂಡಿ, ಹಿಮ್ಮಡಿ ನೋವಿನ ಎಷ್ಟೋ ಜನಕ್ಕೆ ಇಳಿಜಾರಿಗಿಂತ ಕೈಹಿಡಿ ಇರುವ ಮೆಟ್ಟಿಲೇ ಹಿತ.

ದುಡ್ಡು ಒಂದಕ್ಕೇ ಸಾಲುವುದಾದರೆ ಆ ಕೈಹಿಡಿಯನ್ನೇ ಹಾಕಿಸಿ. ಒಂದೂವರೆ ಇಂಚಿನ ದುಂಡನೆಯ ಕೊಳವೆ, 3 ಅಡಿ ಎತ್ತರ, ಕುಳ್ಳಗಿನವರಿಗೆ ಎರಡೂವರೆ ಅಡಿಯಲ್ಲಿ ಇನ್ನೊಂದು. ಗೋಡೆಯಿಂದ 2 ಇಂಚು ಬಿಡಬೇಕು, ಇಲ್ಲದಿದ್ದರೆ ಬೆರಳು ಪೂರ್ತಿ ಸುತ್ತಿಕೊಳ್ಳುವುದಿಲ್ಲ. ಮೊದಲ ಮತ್ತು ಕೊನೆಯ ಮೆಟ್ಟಿಲಿನಿಂದ ಆಚೆಗೂ 1 ಅಡಿ ಮುಂದುವರಿಸಿ. ತಪ್ಪುವ ಹೆಜ್ಜೆ ಹೆಚ್ಚಾಗಿ ಅಲ್ಲೇ. ಎರಡೂ ಬದಿಯಲ್ಲಿರಲಿ, ಪಾರ್ಶ್ವವಾಯು ಆದವರಿಗೆ ಒಂದು ಕೈ ಮಾತ್ರ ಹಿಡಿತ ಕೊಡುತ್ತದೆ. ಬಿಸಿಲಲ್ಲಿ ಸ್ಟೀಲ್ ಮುಟ್ಟಲಾಗದಷ್ಟು ಕಾಯುತ್ತದೆ, ಬಯಲಲ್ಲಿರುವುದಕ್ಕೆ ಮರದ ಹಿಡಿ ಹಾಕಿಸಿ. ಕಂಬ ನೆಡುವಾಗ ಕಲ್ಲಿನ ಅಂಚಿಗೆ 4 ಇಂಚಿಗಿಂತ ಹತ್ತಿರ ಕೊರೆದರೆ ಕಲ್ಲು ಸೀಳುತ್ತದೆ.

ಹೊಸಿಲು, ಕತ್ತಲೆ, ಕೂರುವ ಜಾಗ

ಗರ್ಭಗುಡಿ ಮುಂದಿನ ಹೊಸಿಲನ್ನು ತೆಗೆಯಲು ಅರ್ಚಕರು ಒಪ್ಪುವುದಿಲ್ಲ, ಒತ್ತಾಯಿಸುವುದೂ ಬೇಡ. ಬಾಗಿಲವಾಡದ ಎರಡೂ ಬದಿಯಲ್ಲಿ ನೇರ ನಿಂತ ಹಿಡಿ ಇದ್ದರೆ ದಾಟುವ ಕಷ್ಟ ಬಹುಪಾಲು ತಗ್ಗುತ್ತದೆ. ಹೊಸಿಲಿಗೆ ಬಳಿಯುವ ಅರಿಶಿನ, ಕುಂಕುಮವೇ ಒಳ್ಳೆಯ ಎಚ್ಚರಿಕೆ ಪಟ್ಟೆ, ದಿನಾ ಹೊಸದಾಗಿ ಬಳಿಯಲಿ. ದಾಟಲಾಗದವರಿಗೆ ನವರಂಗದಲ್ಲಿ, ಮೂರ್ತಿಯ ನೇರಕ್ಕೆ, ತಲೆಯೆತ್ತದೆಯೇ ಕಾಣುವ ಕಡೆ ಎರಡು ಆಸನ ಹಾಕಿ. ಮಂಗಳಾರತಿ, ತೀರ್ಥ ಅಲ್ಲಿಗೇ ಬರಲಿ.

ಬಿಸಿಲಿನಿಂದ ಒಳಗೆ ಬಂದ ವಯಸ್ಸಾದ ಕಣ್ಣಿಗೆ ಕತ್ತಲೆ ಹೊಂದಲು ಕೆಲವು ನಿಮಿಷವೇ ಬೇಕು. ಮುಖಮಂಟಪದಲ್ಲೇ ಒಂದು ಬೆಂಚಿಟ್ಟರೆ ಆ ಹೊತ್ತು ಅಲ್ಲಿ ಕಳೆಯುತ್ತದೆ. ದೀಪಗಳು ಮೆಟ್ಟಿಲ ಪಕ್ಕ, ನೆಲದಿಂದ 1 ಅಡಿ ಎತ್ತರದಲ್ಲಿ, ಕೆಳಮುಖವಾಗಿರಲಿ. ಅವುಗಳ ಲೈನು ಯುಪಿಎಸ್‌ಗೆ ಸೇರಿರಲಿ, ಸಂಜೆ ಆರತಿ ಹೊತ್ತಿಗೇ ಕರೆಂಟ್ ಹೋಗುವುದು ಹೊಸದೇನಲ್ಲ. ದೇವರ ಹಿಂದೆ ತಿರುಗುವ ಎಲ್‌ಇಡಿ ಚಕ್ರ ಸಮಿತಿಯವರಿಗೆ ಪ್ರಿಯ. ಪೊರೆ ಬಂದ ಕಣ್ಣಿಗೆ ಅದರಿಂದ ದೇವರೇ ಕಾಣುವುದಿಲ್ಲ.

ಬೆಂಚು 18 ಇಂಚು ಎತ್ತರ, ಕೂರುವ ಮಟ್ಟದಿಂದ 8 ಇಂಚು ಮೇಲೆ ಕೈಯಾನುವ ಹಿಡಿ. ಹಿಡಿಯಿಲ್ಲದ ಚಪ್ಪಡಿ ಬೆಂಚಿನಲ್ಲಿ ಕೂರಬಹುದು, ಏಳುವುದು ಕಷ್ಟ. ಒಂದು ಬೆಂಚು ಚಪ್ಪಲಿ ಬಿಡುವಲ್ಲಿ, ಉಳಿದವು ದರ್ಶನದ ಸಾಲಿನುದ್ದಕ್ಕೂ. ಸಾಲಿನ ಕಂಬಿಗಳ ನಡುವೆ 3 ಅಡಿ ಇಲ್ಲದಿದ್ದರೆ ವಾಕರ್ ಸಿಕ್ಕಿಕೊಳ್ಳುತ್ತದೆ. ದಾಸೋಹದಲ್ಲಿ ನೆಲದ ಪಂಕ್ತಿಯ ಪಕ್ಕ ಕುರ್ಚಿ, ಮೇಜಿನ ಒಂದು ಸಾಲು ಹಾಕಿ. ಮೇಜಿಗೆ ಬೆಂಚನ್ನು ಬೆಸುಗೆ ಹಾಕಿದ ಮೆಸ್ ಮಾದರಿಯದು ಬೇಡ, ಕಾಲು ದಾಟಿಸಿ ಕೂರಲು ಆಗುವುದಿಲ್ಲ.

ದೇವರಾಯನದುರ್ಗದ ಯೋಗಾನರಸಿಂಹ, ಕೋಲಾರದ ಅಂತರಗಂಗೆಯಂಥ ಬೆಟ್ಟದ ದಾರಿಗಳಲ್ಲಿ 12 ಮೆಟ್ಟಿಲಿಗೊಂದು ಸಮತಟ್ಟು ಇರಬೇಕು. ಜೊತೆಗೆ ಇನ್ನೆಷ್ಟು ಮೆಟ್ಟಿಲು ಉಳಿದಿವೆ ಎಂದು ಫಲಕ ಹಾಕಿ. ಸಂಖ್ಯೆ ಗೊತ್ತಿದ್ದರೆ ಮುಂದೆ ಹೋಗುವುದೋ ಹಿಂತಿರುಗುವುದೋ ಅವರೇ ತೀರ್ಮಾನಿಸುತ್ತಾರೆ.

ಶೌಚಾಲಯ ದೂರವಿದ್ದರೆ ಹಿರಿಯರು ನೀರು ಕುಡಿಯದೆ ಬರುತ್ತಾರೆ, ಬಿಸಿಲ ಸಾಲಿನಲ್ಲಿ ತಲೆಸುತ್ತಿ ಕೂರುತ್ತಾರೆ. 18 ಇಂಚು ಎತ್ತರದ ಕಮೋಡ್, ಪಕ್ಕದ ಗೋಡೆಗೆ ಹಿಡಿ, ಹೊರಕ್ಕೆ ತೆರೆಯುವ ಬಾಗಿಲು. ಒಳಕ್ಕೆ ತೆರೆದರೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ.

ಮಸೀದಿ, ದರ್ಗಾಗಳಲ್ಲಿ ವುಜೂ ಮಾಡುವ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ) ಕಟ್ಟೆ ತೀರಾ ತಗ್ಗು. ಎರಡು ನಲ್ಲಿಗಾದರೂ 16 ರಿಂದ 18 ಇಂಚಿನ ಆಸನ, ಗೋಡೆಗೆ ಹಿಡಿ ಇರಲಿ. ಚರ್ಚಿನಲ್ಲಿ ಮುಂದಿನ ಸಾಲಿನ ಒಂದು ಬೆಂಚು ತೆಗೆದರೆ ಗಾಲಿಕುರ್ಚಿಗೆ ಜಾಗವಾಗುತ್ತದೆ.

ನಂದಿಯ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ, ಕೋಲಾರಮ್ಮನ ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಕಡೆ ಕಲ್ಲು ಕೊರೆಯುವಂತಿಲ್ಲ, ಸುತ್ತ 100 ಮೀಟರ್‌ನೊಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಇಲಾಖೆಯ ಒಪ್ಪಿಗೆ ಪಡೆದು, ಎತ್ತಿಡಬಹುದಾದ ಮರದ ರ‍್ಯಾಂಪ್ ಇಡುವುದೇ ದಾರಿ. ಮುಜರಾಯಿ ದೇವಸ್ಥಾನವಾದರೆ ಆ ಇಲಾಖೆಯ ಒಪ್ಪಿಗೆ ಮೊದಲು.

ಕೊನೆಯ ಬಿಲ್ ಕೊಡುವ ಮುಂಚೆ ಪ್ರತಿ ಮೆಟ್ಟಿಲಿಗೂ ಟೇಪ್ ಹಿಡಿಯಿರಿ, ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚಿಸಿ. ನೆಲಕ್ಕೆ ಒಂದು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಕೈಹಿಡಿಗೆ ಮೈಭಾರ ಬಿಟ್ಟು ಜಗ್ಗಿ. ಅಲುಗಿದರೆ ಮತ್ತೆ ಹಾಕಿಸಿ.