ರೋಗಿಯನ್ನು ಕಳುಹಿಸುವ ಮುನ್ನ ಆಕ್ಸಿಜನ್ ಸಿಲಿಂಡರ್ ಪರೀಕ್ಷೆ

ಕೊಡಗಿನ ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟಾಗ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ನಿಂತುಹೋಗುತ್ತದೆ. ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುವಾಗಲೂ ಸಿಲಿಂಡರ್ ಬೇಕೇ ಬೇಕು. ಆದ್ದರಿಂದ ಅದನ್ನು ಜೋಡಿಸುವ ಕ್ರಮ ಪ್ರತಿ ಶುಶ್ರೂಷಕರಿಗೂ ರೂಢಿಯಾಗಿರಬೇಕು.

ಸಿಲಿಂಡರಿಗೆ ಕಪ್ಪು ಮೈ, ಬಿಳಿ ಹೆಗಲು ಇರುವುದನ್ನು ನೋಡಿ, ಲೇಬಲ್ಲನ್ನೂ ಓದಿ. ಕೈಯಲ್ಲಿ ಎಣ್ಣೆ ಅಥವಾ ಕ್ರೀಮ್ ಇರಬಾರದು, ಸ್ಯಾನಿಟೈಸರ್ ಪೂರ್ತಿ ಒಣಗಿರಬೇಕು. ವಾಷರ್ ಸರಿಯಿದೆಯೆಂದು ಖಚಿತಪಡಿಸಿಕೊಂಡು ಒತ್ತಡ ತಗ್ಗಿಸುವ ರೆಗ್ಯುಲೇಟರ್ ಜೋಡಿಸಿ, ಹರಿವು ಅಳೆಯುವ ಫ್ಲೋಮೀಟರನ್ನು ಸೊನ್ನೆಯಲ್ಲಿಟ್ಟು, ಪಕ್ಕಕ್ಕೆ ನಿಂತು ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ಅನಿಲ ರೆಗ್ಯುಲೇಟರಿನೊಳಗೆ ಒತ್ತಿಕೊಂಡು ಬಿಸಿಯಾಗುತ್ತದೆ. ಅಲ್ಲಿ ಜಿಡ್ಡಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ನನ್ನ ದೃಷ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದುದು ಒತ್ತಡ ಮಾಪಕದ ವಿಷಯದಲ್ಲಿ. ಹಿಂದಿನ ಬಳಕೆಯ ನಂತರ ವಾಲ್ವ್ ಮುಚ್ಚಿ, ಒಳಗುಳಿದ ಅನಿಲವನ್ನು ಹೊರಬಿಡದಿದ್ದರೆ, ವಾಲ್ವ್ ಮುಚ್ಚಿದ್ದರೂ ಮುಳ್ಳು ತುಂಬಿದೆಯೆಂದೇ ತೋರಿಸುತ್ತದೆ. ಹರಿವು ಆರಂಭಿಸಿದ ಕೆಲವೇ ಕ್ಷಣಗಳಲ್ಲಿ ಕುಸಿಯುತ್ತದೆ. ಹಾಗಾಗಿ ವಾಲ್ವ್ ತೆರೆದು, ಹರಿವು ಬಿಟ್ಟು, ಮುಳ್ಳು ಸ್ಥಿರವಾಗಿ ನಿಂತಿದೆಯೇ ನೋಡಿದ ಮೇಲೆಯೇ ಮಾಸ್ಕ್ ಹಾಕಬೇಕು. ಬಳಿಕ ಪಲ್ಸ್ ಆಕ್ಸಿಮೀಟರಿನ ಮೇಲೂ ಕಣ್ಣಿರಲಿ.

ಉಳಿದ ಅವಧಿಯ ಲೆಕ್ಕ ಸುಲಭ: ಸಿಲಿಂಡರಿನ ನೀರಿನ ಸಾಮರ್ಥ್ಯವನ್ನು (ಅದರೊಳಗೆ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು) ಮಾಪಕದ ಒತ್ತಡದಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. 10 ಲೀಟರಿನ ಬಿ ಟೈಪ್ ಸಿಲಿಂಡರಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 120 ಕಿಲೋ ಇದ್ದರೆ ಸುಮಾರು 1200 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ 4 ಗಂಟೆ ಬರುತ್ತದೆ, 10 ಲೀಟರಿನಂತೆ 2 ಗಂಟೆ ಮಾತ್ರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಯಲ್ಲಿ ಆ ಎರಡು ಗಂಟೆ ಸಾಲದು. ಮಂಗಳೂರಿನ ದಾರಿಯಲ್ಲಾದರೆ, ಸಂಪಾಜೆ ಘಾಟಿಯಲ್ಲಿ ಗುಡ್ಡ ಜರಿದು ವಾಹನ ನಿಂತರಂತೂ ಲೆಕ್ಕವೇ ಬುಡಮೇಲಾಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಬಂದದ್ದರ ಒಂದೂವರೆ ಪಟ್ಟಾದರೂ ಆಕ್ಸಿಜನ್ ಒಯ್ಯಬೇಕು.

ಆಂಬ್ಯುಲೆನ್ಸಿನಲ್ಲಿ ಸಿಲಿಂಡರನ್ನು ಬಿಗಿದು ಕಟ್ಟಿರಬೇಕು, ಸ್ಟ್ರೆಚರ್ ಮೇಲೆ ರೋಗಿಯ ಕಾಲುಗಳ ನಡುವೆ ಇಡಬಾರದು. ವಿದ್ಯುತ್ ಹೋದಾಗ ಹತ್ತಿರ ಮೇಣದಬತ್ತಿ ಹಚ್ಚದೆ ಟಾರ್ಚ್ ಬಳಸಿ. ಆಕ್ಸಿಜನ್ ತಾನಾಗಿ ಉರಿಯದಿದ್ದರೂ ಸಣ್ಣ ಕಿಡಿಯನ್ನು ಉಲ್ಬಣಗೊಳಿಸುತ್ತದೆ. ಕೆಲಸ ಮುಗಿದ ಮೇಲೆ ವಾಲ್ವ್ ಮುಚ್ಚಿ, ಮುಳ್ಳು ಸೊನ್ನೆಗೆ ಇಳಿಯುವವರೆಗೆ ಅನಿಲ ಹೊರಬಿಟ್ಟು, ಫ್ಲೋಮೀಟರ್ ಮುಚ್ಚಿ, ಬರಿದಾದ ಸಿಲಿಂಡರಿಗೆ ‘ಖಾಲಿ’ ಎಂಬ ಚೀಟಿ ಕಟ್ಟಿ ತುಂಬಿದವುಗಳಿಂದ ಬೇರೆ ಇಡಿ.