ಕೀಮೋಥೆರಪಿಯ ದಿನಗಳಲ್ಲಿ ನರ್ಸ್‌ಗೆ ಏನನ್ನು, ಯಾವಾಗ ತಿಳಿಸಬೇಕು

ಕೀಮೋಥೆರಪಿಯ ದಿನ ವೈದ್ಯರು ಸಿಗುವುದು ಸ್ವಲ್ಪ ಹೊತ್ತು. ಉಳಿದ ಸಮಯವೆಲ್ಲ ರೋಗಿಯ ಜೊತೆಗಿರುವವರು ನರ್ಸ್‌ಗಳೇ ಆದ್ದರಿಂದ, ಅವರಿಗೆ ಯಾವುದನ್ನು ಯಾವಾಗ ತಿಳಿಸಬೇಕೆಂಬುದನ್ನು ಮೊದಲೇ ಅರಿತಿರಬೇಕು. ಡ್ರಿಪ್ ಹೋಗುತ್ತಿರುವಾಗ ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು ಅಥವಾ ಊತ ಕಂಡರೆ, ಬಾಟಲಿ ಮುಗಿಯಲೆಂದು ಕಾಯದೆ ತಕ್ಷಣ ಕರೆಯಿರಿ. ಕೆಲವು ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮವನ್ನೇ ಹಾಳುಮಾಡುತ್ತವೆ.

ಮನೆಗೆ ಮರಳಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಜ್ವರಕ್ಕೆ. ಸಾಮಾನ್ಯವಾಗಿ ಚಿಕಿತ್ಸೆಯ ನಂತರದ 7ರಿಂದ 14 ದಿನಗಳ ಅವಧಿಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿಯುವುದರಿಂದ, ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆ ಕೊಟ್ಟಿರುವ ತುರ್ತು ಸಂಖ್ಯೆಗೆ ಫೋನ್ ಮಾಡಬೇಕು. ಕೇಳದೆ ಪ್ಯಾರಾಸಿಟಮಾಲ್ ನುಂಗಬೇಡಿ. ಜ್ವರ ಮರೆಯಾದರೂ ಸೋಂಕು ಒಳಗೇ ಬೆಳೆಯಬಹುದು. ಜ್ವರವಿಲ್ಲದೆ ಬರಿಯ ಚಳಿ, ನಡುಕ ಬಂದರೂ ಇದೇ ನಿಯಮ.

ವಾಂತಿ, ಬಾಯಿಹುಣ್ಣು, ಬೆರಳ ತುದಿಯ ಜೋಮು ಮುಂತಾದವನ್ನು ದಿನಾಂಕದೊಡನೆ ಬರೆದಿಡಿ. ‘ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ’ ಎಂಬ ಒಂದು ಸಾಲು ‘ಸ್ವಲ್ಪ ಜೋಮಿದೆ’ ಎನ್ನುವುದಕ್ಕಿಂತ ಎಷ್ಟೋ ಹೆಚ್ಚು ಉಪಯುಕ್ತ; ಅದನ್ನು ನರ್ಸ್ ತಿಳಿಸಿದರೆ ವೈದ್ಯರು ಮುಂದಿನ ಡೋಸನ್ನು ಬದಲಿಸಬಹುದು. ಸೌಜನ್ಯಕ್ಕೆಂದು ‘ಚೆನ್ನಾಗಿದ್ದೇನೆ’ ಎನ್ನುವುದು ಇಲ್ಲಿ ಸಲ್ಲದು. ಮಲಬದ್ಧತೆ, ದಾಂಪತ್ಯದ ತೊಂದರೆಯಂತಹ ಸಂಕೋಚದ ವಿಷಯಗಳಿದ್ದರೆ, ಪಕ್ಕದಲ್ಲಿ ಯಾರೂ ಇಲ್ಲದಾಗ ಮಾತಾಡಬೇಕೆಂದು ನರ್ಸ್‌ಗೆ ಮೊದಲೇ ಹೇಳಿಡಿ.